ಅಜ್ಜಿಯ ಸೊಂಟದ ಬೆಂಕಿಪೊಟ್ಟಣ

ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣ ಇರುತ್ತಿದ್ದುದು ಅಡುಗೆಮನೆಯಲ್ಲಲ್ಲ, ಅಜ್ಜಿಯ ಸೊಂಟದಲ್ಲಿ. ಎಲೆಅಡಿಕೆ ಚೀಲದ ಪಕ್ಕ, ಸೀರೆಯ ಮಡಿಕೆಯೊಳಗೆ. ಅದು ಯುದ್ಧದ ಕಾಲ. ಹೊಸೂರಿನ ಅಂಗಡಿಗಳಲ್ಲಿ ಸೀಮೆಎಣ್ಣೆಯಂತೆ ಬೆಂಕಿಪೊಟ್ಟಣವೂ ಕಣ್ಮರೆಯಾಗುತ್ತಿತ್ತು ಎಂಬುದು ನಿಜ. ಆದರೆ ಯುದ್ಧಕ್ಕೆ ಮುಂಚೆಯೂ ಅದು ಅಲ್ಲೇ ಇತ್ತು ಎಂಬುದೂ ಅಷ್ಟೇ ನಿಜ. ಆದ್ದರಿಂದ ತಪ್ಪನ್ನು ಜರ್ಮನಿಯವರ ಮೇಲೆ ಹೊರಿಸಲಾಗದು.

ಅಪ್ಪ ಸ್ಕೂಲು ಮೇಷ್ಟ್ರು. ಭಾನುವಾರ ಜಗಲಿಯಲ್ಲಿ ಕೂತು, ಗಡ್ಡ ಕೆರೆದು ಸವೆದ ಬ್ಲೇಡಿನಿಂದ ಒಂದೊಂದು ಕಡ್ಡಿಯನ್ನೂ ಉದ್ದಕ್ಕೆ ಸೀಳಿ ಎರಡು ಮಾಡಿ ಅಜ್ಜಿಗೆ ಒಪ್ಪಿಸುತ್ತಿದ್ದರು. ಸಂಜೆ ದೇವರ ದೀಪಕ್ಕೆ ಅರ್ಧ ಕಡ್ಡಿ. ಎಣ್ಣೆ ಉಳಿಯಲೆಂದು ದೇವರನ್ನೂ ಬೇಗ ಮಲಗಿಸುತ್ತಿದ್ದೆವು. ಒಲೆಗೆ ಮಾತ್ರ ಕಡ್ಡಿ ಇಲ್ಲ. ಹಿಂದಿನ ರಾತ್ರಿಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಊದಿ ಎಬ್ಬಿಸಬೇಕು. ಆರಿಹೋಗಿದ್ದರೆ ಅಮ್ಮ ಬೋಕಿ, ಅಂದರೆ ಒಡೆದ ಮಡಕೆಯ ಚೂರು, ಹಿಡಿದು ಪಕ್ಕದ ಮನೆಗೆ ಹೋಗಿ ಕೆಂಡ ತರಬೇಕು.

ಪಕ್ಕದ ಮನೆಯಾಕೆ ಕೆಂಡದ ಜೊತೆ ಒಂದು ಮಾತನ್ನೂ ಹಾಕಿ ಕಳಿಸುವವಳು. "ಬಾರಮ್ಮ ಬಾ, ಮೇಷ್ಟ್ರ ಮನೆ ಒಲೆ ಇವತ್ತೂ ಸೂತಕ ಹಿಡ್ಕೊಂಡದಾ?" ಅಮ್ಮ ನಕ್ಕು ಬರುತ್ತಿದ್ದಳು; ಆ ನಗು ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ.

ನಾನು ಬೆಂಗಳೂರಿನ ಕಾಲೇಜಿನಿಂದ ರಜೆಗೆ ಬಂದಿದ್ದೆ. ಚರ್ಚಾಸ್ಪರ್ಧೆಯಲ್ಲಿ ಗೆದ್ದ ಬೆಳ್ಳಿಯ ಬಣ್ಣದ ಬಟ್ಟಲೊಂದು ಜೊತೆಗಿತ್ತು. ಅಜ್ಜಿ ಅದರಲ್ಲಿ ಮೆಂತ್ಯ ತುಂಬಿದ್ದಳು. ಒಂದು ಬೆಳಗ್ಗೆ ಅಮ್ಮ ಒಲೆಯ ಮುಂದೆ ಕೂತು ಮೆಲ್ಲಗೆ ಅಂದಳು: "ಅಷ್ಟು ಜನದ ಮುಂದೆ ಮಾತಾಡಿ ಗೆದ್ದೋನು ನೀನು. ನಿಮ್ಮಜ್ಜಿ ತಾವ ಮಾತಾಡಿ ಆ ಪೊಟ್ಟಣ ಒಂದು ನನ್ನ ಕೈಗೆ ಕೊಡ್ಸಪ್ಪ. ಇನ್ನೊಬ್ರ ಬಾಗಿಲಿಗೆ ಬೋಕಿ ಹಿಡ್ಕೊಂಡು ಹೋಗಿ ಸಾಕಾಗ್ಬಿಟ್ಟದೆ."

ಇಂಥ ಕಕ್ಷಿದಾರಳು ಸಿಕ್ಕ ಮೇಲೆ ಸುಮ್ಮನಿರುವುದುಂಟೇ? ಅಂದೇ ಅಜ್ಜಿಯ ಮುಂದೆ ಕೂತೆ.

"ಅಜ್ಜಿ, ಕೆಂಡ ತರೋಕೆ ಅಮ್ಮಂಗೆ ಅರ್ಧ ಗಂಟೆ ಹಿಡಿಯುತ್ತೆ. ಅರ್ಧ ಕಡ್ಡಿ ಉಳಿಸೋಕೆ ಅರ್ಧ ಗಂಟೆ ಕಳೆಯೋದು ಉಳಿತಾಯವಾ?"

"ಬೆಂಕಿ ಇರೋ ಊರ್ನಾಗೆ ಕಾಸು ಕೊಟ್ಟು ಬೆಂಕಿ ತತ್ತಾರೇನ್ಲಾ?"

"ಸರಿ. ಬೀದಿಯವರೆಲ್ಲ ಹಾಗೇ ಅಂದ್ಕೊಂಡ್ರೆ ಮೊದಲ ಬೆಂಕಿ ಹಚ್ಚೋರು ಯಾರು?"

ಇದು ನನ್ನ ಬ್ರಹ್ಮಾಸ್ತ್ರ. ಅಜ್ಜಿ ಅಡಿಕೆ ಕತ್ತರಿಸುತ್ತ ಹೇಳಿದಳು: "ಎಲ್ಲಾರ್ಗೂ ನನ್ನಷ್ಟು ಬುದ್ಧಿ ಎಲ್ಲೈತೆ ಬುಡು."

ಬಟ್ಟಲಿನೊಳಗಿನ ಮೆಂತ್ಯ ನನ್ನನ್ನೇ ನೋಡಿದಂತಾಯಿತು.

ಆದರೆ ಬೀದಿಗೆಲ್ಲ ಅಷ್ಟೇ ಬುದ್ಧಿ ಇತ್ತೆಂಬುದಕ್ಕೆ ಪುರಾವೆ ಮುಂದಿನ ವಾರವೇ ಸಿಕ್ಕಿತು. ಚಂದ್ರಗ್ರಹಣ ಬಂತು, ಬಿಟ್ಟಾಗ ಬೆಳಗಿನ ಜಾವ. ಗ್ರಹಣ ಬಿಟ್ಟ ಮೇಲೆ ಒಲೆಯ ಹಳೆಯ ಬೂದಿ, ಕೆಂಡ ಎಲ್ಲ ಹೊರಗೆ ಚೆಲ್ಲಿ, ಒಲೆ ಸಾರಿಸಿ, ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಂಡು, ಹೊಸ ಬೆಂಕಿ ಹಚ್ಚುವುದು ನಮ್ಮ ಬೀದಿಯ ಪದ್ಧತಿ. ಅಂದರೆ ಎಂಟೂ ಮನೆಯ ಒಲೆಗಳು ಒಟ್ಟಿಗೇ ತಣ್ಣಗಾದವು. ಗ್ರಹಣವನ್ನು ನಾನು ನಂಬುತ್ತಿರಲಿಲ್ಲ. ಅಂದು ಮಾತ್ರ ನಮಸ್ಕಾರ ಮಾಡಿದೆ.

ಬೆಳಗಾಯಿತು. ಸಾರಿಸಿದ ಒಲೆ, ಜೋಡಿಸಿದ ಸೌದೆ, ಯಾವ ಸೂರಿನ ಮೇಲೂ ಹೊಗೆಯಿಲ್ಲ. ಒಬ್ಬೊಬ್ಬರೇ ಹೊರಗೆ ಬಂದರು. ಒಬ್ಬಳು ಇಲ್ಲದ ಕೋಳಿಯನ್ನು ಕರೆದಳು. ಇನ್ನೊಬ್ಬಳು ಹಾಕಿ ಮುಗಿದ ರಂಗೋಲಿಯನ್ನು ಮತ್ತೆ ತಿದ್ದಿದಳು. ಎಲ್ಲರ ಕಣ್ಣೂ ಇನ್ನೊಬ್ಬರ ಸೂರಿನ ಮೇಲೆ, ಎಲ್ಲರ ಸೆರಗಿನಡಿಯಲ್ಲೂ ಒಂದೊಂದು ಬೋಕಿ.

"ಏಮಮ್ಮಾ, ಒಲೆ ಹತ್ತಿಸಿದ್ರಾ?" ಎದುರುಮನೆಯ ತೆಲುಗಿನಾಕೆ ಕೇಳಿದಳು.

"ನಿಮ್ದು ಹತ್ತಿತಾ ಅಂತ ನೋಡೋಕೆ ಬಂದೆ ಕಣಮ್ಮ," ಎಂದಳು ಪಕ್ಕದ ಮನೆಯಾಕೆ.

ಬೀದಿಯಲ್ಲಿ ಬೀಡಿ ಸೇದುವವರು ಇಬ್ಬರಿದ್ದರು. ಅವರೂ ಒಲೆಗೆ ಬಗ್ಗಿ ಹಚ್ಚಿಕೊಳ್ಳುವವರೇ. ತುಟಿಯಲ್ಲಿ ಒಣ ಬೀಡಿ ಇಟ್ಟುಕೊಂಡು ನಿಂತಿದ್ದರು. ಅಪ್ಪ ಕಾಫಿಯಿಲ್ಲದೆ ತಲೆ ಹಿಡಿದುಕೊಂಡಿದ್ದರು.

ನಾನು ಜಗಲಿಯ ಮೇಲೆ ನಿಂತು, ಬೀದಿಗೆಲ್ಲ ಕೇಳುವಂತೆ, ಅಜ್ಜಿಗೆ ಹೇಳಿದೆ: "ಈಗೇನು ಹೇಳ್ತೀಯ? ಎಲ್ರೂ ಬುದ್ಧಿವಂತ್ರೇ ಆಗಿಬಿಟ್ರು. ತೆಗಿ ಪೊಟ್ಟಣ!"

ಅಜ್ಜಿ ಸೊಂಟಕ್ಕೆ ಕೈ ಹಾಕಿದಳು. ಹಾಕಿದ ಕೈ ಅಲ್ಲೇ ನಿಂತಿತು. ಉಟ್ಟ ಸೀರೆಯಲ್ಲೇ ನಾಲ್ಕು ಬಿಂದಿಗೆ ನೀರು ಸುರಿದುಕೊಂಡಿದ್ದಳಲ್ಲ, ಪೊಟ್ಟಣಕ್ಕೂ ಗ್ರಹಣಸ್ನಾನವಾಗಿತ್ತು. ಅವಳ ಬೆರಳ ಸಂದಿಯಿಂದ ಕಡ್ಡಿಮದ್ದಿನ ಕೆಂಪು ನೀರು ತೊಟ್ಟಿಕ್ಕಿತು. ನಾನು ನೋಡಿದೆ, ಅಮ್ಮನೂ ನೋಡಿದಳು. ನಾನು ಬಾಯಿ ತೆರೆಯುವುದರೊಳಗೆ ಅಮ್ಮ ನನ್ನ ಕಾಲನ್ನು ಬಲವಾಗಿ ತುಳಿದು, ಅಜ್ಜಿಗೆ ಅಡ್ಡ ನಿಂತು ಅಂದಳು: "ಅತ್ತೆ, ಬೆಂಗಳೂರು ಬಸ್ಸಿನವ್ನು ಬೆಂಕಿ ಹಾಕ್ತಾ ಇರ್ತಾನಲ್ವಾ ಈ ಹೊತ್ಗೆ?"

ಪೆಟ್ರೋಲಿಗೆ ಗತಿಯಿಲ್ಲದ ಆ ದಿನಗಳಲ್ಲಿ ನಮ್ಮ ಬಸ್ಸು ಓಡುತ್ತಿದ್ದುದು ಇದ್ದಿಲಿನ ಹೊಗೆಯಿಂದ. ಬೆನ್ನಿಗೆ ಉದ್ದನೆಯ ಕಬ್ಬಿಣದ ಉರುಳೆ ಕಟ್ಟಿಕೊಂಡು, ಜೂಜುವಾಡಿ ದಾಟುವಷ್ಟರಲ್ಲಿ ಎರಡು ಸಲ ಉಸಿರುಕಟ್ಟಿ ನಿಲ್ಲುತ್ತಿತ್ತು. ಹೊರಡುವ ಮುನ್ನ ಅರ್ಧ ಗಂಟೆ ಅದರ ಬೆಂಕಿ ಊದಬೇಕು.

ಅಜ್ಜಿ ಅಮ್ಮನ ಕೈಯಿಂದ ಬೋಕಿ ಕಿತ್ತುಕೊಂಡು ಹೊರಟಳು. ಅವಳ ಹಿಂದೆ ಇಡೀ ಬೀದಿ ಹೊರಟಿತು. ಬಸ್ಸಿನ ತಮಿಳು ಕ್ಲೀನರ್ ಸಾಲಾಗಿ ಬಂದ ಬೋಕಿಗಳನ್ನು ನೋಡಿ, ಸಲಾಕೆ ಕೆಳಗಿಟ್ಟು, "ಪಾಟ್ಟಿ, ನೆರುಪ್ಪುಕ್ಕು ಸೀಟು ಕಿಡೆಯಾದು!" ಎಂದು ಅಜ್ಜಿಯನ್ನು ಕೂಗಿದ, ಬೆಂಕಿಗೆ ಸೀಟು ಇಲ್ಲವಂತೆ.

"ಸೀಟು ನೀನೇ ಇಟ್ಕೊಳ್ಳಪ್ಪ, ಕೆಂಡ ಹಾಕು," ಎಂದಳು ಅಜ್ಜಿ.

ಎಂಟು ಬೋಕಿ ತುಂಬುವ ಹೊತ್ತಿಗೆ ಬಸ್ಸಿನ ಹೊಟ್ಟೆ ತಣ್ಣಗಾಗಿ, ಅದು ಹೊರಟದ್ದು ಒಂದು ಗಂಟೆ ತಡವಾಗಿ. ಒಳಗೆ ಕೂತವರು ಯಾವ ಭಾಷೆಯಲ್ಲಿ ಬೈದರೆ ನಮಗೆ ತಿಳಿಯುವುದೋ ಎಂದು ಮೂರರಲ್ಲೂ ಬೈದರು.

ಮಧ್ಯಾಹ್ನ ಅಜ್ಜಿ ಹಿತ್ತಲಿನಲ್ಲಿ ಒದ್ದೆ ಕಡ್ಡಿಗಳನ್ನು ಮೊರದಲ್ಲಿ ಹರಡಿದಳು. ತಲೆಯ ಮದ್ದೆಲ್ಲ ಕರಗಿ ಹೋಗಿತ್ತು. ಅಮ್ಮ ಏನೂ ಕೇಳದೆ, ಬೇಲಿಯಾಚೆ ಕಾಣದಂತೆ ಮೊರದ ಮೇಲೆ ಒಂದು ಬಟ್ಟೆ ಹೊದಿಸಿ ಒಳಗೆ ಹೋದಳು.

ಅಪ್ಪ ಎಲ್ಲೆಲ್ಲೋ ಅಲೆದು ಹೊಸ ಪೊಟ್ಟಣ ತಂದಾಗ ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಲಿಲ್ಲ. ಒಲೆಯ ಪಕ್ಕದ ಗೂಡಿನಲ್ಲಿಟ್ಟು, "ತಕೊಳ್ಳಮ್ಮಿ, ನಿನ್ ತಾವೇ ಇರ್ಲಿ," ಎಂದಳು.

"ಕೊನೆಗೂ ನನ್ನ ವಾದ ಒಪ್ಪಿದೆಯಲ್ಲ ಅಜ್ಜಿ!"

"ನಿನ್ ವಾದಕ್ಕೆ ನನ್ ಪೊರಕೆ. ಅವತ್ತು ಅಷ್ಟು ಹೆಂಗಸ್ರ ಮುಂದೆ ಅವ್ಳು ಬಾಯಿ ಬುಡ್ಲಿಲ್ವಲ್ಲ, ಅದುಕ್ಕೆ ಕಣ್ಲಾ."

ಅಂದಿನಿಂದ ಬೀದಿಯಲ್ಲಿ ಮೊದಲು ಹತ್ತುತ್ತಿದ್ದುದು ನಮ್ಮ ಒಲೆ. ಹೊಗೆ ಕಂಡದ್ದೇ ಬೋಕಿಗಳು ಬರುತ್ತಿದ್ದವು, ಪಕ್ಕದ ಮನೆಯದು ಎಲ್ಲಕ್ಕಿಂತ ಮೊದಲು. ಅಮ್ಮ ಪ್ರತಿಯೊಂದಕ್ಕೂ ಎರಡು ಕೆಂಡ ಹೆಚ್ಚೇ ಹಾಕುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಇದ್ಯಾವ ನ್ಯಾಯ ಅಮ್ಮ? ನಮ್ಮ ಕಡ್ಡಿ, ನಮ್ಮ ಸೌದೆ, ಎಂಟು ಮನೆಗೆ ಬೆಂಕಿ. ನೀನು ಗೆದ್ದಿದ್ದೇನು, ಸೋತಿದ್ದೇನು, ಲೆಕ್ಕ ಹಾಕಿದ್ದೀಯಾ?"

ಅಮ್ಮ ಊದುಗೊಳವೆ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ಮಾತು ಆಮೇಲೆ ಕೇಳ್ತೀನಿ. ಆಚೆ ಯಾರೋ ಬೋಕಿ ಹಿಡ್ಕೊಂಡು ನಿಂತವ್ರೆ, ಒಳಕ್ಕೆ ಬರೋಕೆ ಹೇಳು."