ಗುರುಮಲ್ಲಣ್ಣ ತರುವ ಮಣ್ಣು

ನನ್ನ ಬಾಯಿ ಸರಿಯಿಲ್ಲ ಅನ್ನುವುದು ಚಾಮರಾಜನಗರದ ನಮ್ಮ ಕಾಲೇಜಿನ ಗೋಡೆಗಳಿಗೂ ಗೊತ್ತು. ಲ್ಯಾಬಿನಲ್ಲಿ ಗಾಜಿನ ಟ್ಯೂಬು ಒಡೆದರೆ ಬೈಯುತ್ತೇನೆ, ಗುಂಡ್ಲುಪೇಟೆ ಬಸ್ಸು ತಡವಾದರೆ ಬಸ್ಸನ್ನೂ ಬೈಯುತ್ತೇನೆ. ಈ ಬಾಯಿಯನ್ನು ಹತ್ತು ವರ್ಷ ತಡೆದುಕೊಂಡವರು ಲ್ಯಾಬ್ ಅಟೆಂಡರ್ ಗುರುಮಲ್ಲಯ್ಯ, ನಮ್ಮೆಲ್ಲರ ಗುರುಮಲ್ಲಣ್ಣ, ಪಕ್ಕದ ಉಡಿಗಾಲ ಊರಿನವರು. ಗಾಜು ತೊಳೆದೂ ತೊಳೆದೂ ಅವರ ಬೆರಳ ಗೆರೆ ಸವೆದುಹೋಗಿತ್ತು. ಹಾಜರಿ ಯಂತ್ರ ಅವರನ್ನು ಒಪ್ಪುತ್ತಲೇ ಇರಲಿಲ್ಲ. "ಮೂವತ್ತು ವರ್ಸ ದುಡ್ದಿವ್ನಿ, ಈ ಮಿಸನ್ಗೆ ನಾನ್ಯಾರು ಅಂತ ಗೊತ್ತಿಲ್ವಂತೆ ಕಣಿ" ಎಂದು ನಗುತ್ತಿದ್ದರು.

ನಾನು ಮಣ್ಣಿನ ಬೂಷ್ಟುಗಳಲ್ಲಿ ಪೆಪ್ಟೈಡ್ ಹುಡುಕುತ್ತಿದ್ದೆ. ಅದು ಪ್ರೋಟೀನಿನ ಪುಟ್ಟ ತುಣುಕು. ಯಾವ ಮಾತ್ರೆಗೂ ಬಗ್ಗದ ಕೀವಿನ ರೋಗಾಣುವನ್ನು ಕೊಲ್ಲುವಂಥದ್ದು ಬೇಕಿತ್ತು. ನಾಲ್ಕು ವರ್ಷ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಹೊಲಗಳನ್ನೆಲ್ಲ ಕೆದಕಿದೆ. ಕೊನೆಗೆ ಸಿಕ್ಕಿದ್ದು ಗುರುಮಲ್ಲಣ್ಣ ತಮ್ಮ ಹೊಲದ ಹುಣಸೆಮರದ ಬುಡದಿಂದ ಊಟದ ಡಬ್ಬಿಯಲ್ಲಿ ತಂದ ಮಣ್ಣಿನಲ್ಲಿ! ಆ ಬೂಷ್ಟಿನ ಸುತ್ತ ಒಂದು ರೋಗಾಣುವೂ ಬದುಕಿರಲಿಲ್ಲ. ಅದನ್ನು ಆರು ಟ್ಯೂಬುಗಳಲ್ಲಿ ಬೆಳೆಸಿ ಫ್ರಿಜ್ಜಿನಲ್ಲಿಟ್ಟೆ. "ನಮ್ಮೊಲದ ಮಣ್ಣು" ಎಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದರು. ಇಲ್ಲಿಯದು ಕೆಟ್ಟರೂ ಅಲ್ಲಿರಲಿ ಎಂದು ಆ ಬೂಷ್ಟಿನ ಒಂದು ಪಾಲನ್ನು ಮೈಸೂರಿನ ಲ್ಯಾಬಿಗೆ ಕಳಿಸಿಡಬೇಕಿತ್ತು. ದಸರಾ ರಜೆ ಮುಗಿಯಲಿ ಎಂದು ಮುಂದೂಡಿದವಳು ನಾನೇ.

ಆಯುಧಪೂಜೆಯ ಹಿಂದಿನ ದಿನ ಬಸ್ಸಿನ ಅವಸರದಲ್ಲಿ ಕೂಗಿದೆ: "ಏನು ಗಬ್ಬೆದ್ದಿದೆ ಈ ಲ್ಯಾಬು! ಬೂಷ್ಟು ಹಿಡಿದದ್ದೊಂದೂ ನನ್ನ ಕಣ್ಣಿಗೆ ಬೀಳಬಾರದು, ಎಲ್ಲ ಕುಕ್ಕರಿಗೆ ಹಾಕಿ." ಎಸೆಯುವ ಮುಂಚೆ ರೋಗಾಣುಗಳನ್ನು ಸಾಯಿಸುವ ಯಂತ್ರಕ್ಕೆ ನಾವು ಕುಕ್ಕರ್ ಅನ್ನುತ್ತೇವೆ. ನಾನು ಹೇಳಿದ್ದು ಮೇಜಿನ ಮೇಲೆ ಬೂಷ್ಟು ಹಿಡಿದು ಬಿದ್ದಿದ್ದ ಹಳೆಯ ಗಾಜಿನ ತಟ್ಟೆಗಳನ್ನು, ಫ್ರಿಜ್ಜಿನೊಳಗಿನದನ್ನಲ್ಲ.

ಹಬ್ಬ ಮುಗಿಸಿ ಬಂದರೆ ಲ್ಯಾಬು ಥಳಥಳ. ಫ್ರಿಜ್ಜಿಗೆ ವಿಭೂತಿ ಪಟ್ಟೆ, ಚೆಂಡುಹೂವಿನ ಹಾರ. ಬಾಗಿಲು ತೆಗೆದೆ. ಒಳಗೆ ಏನೂ ಇರಲಿಲ್ಲ. ನನ್ನ ಬೂಷ್ಟಿದ್ದ ಆರು ಟ್ಯೂಬುಗಳು ಸ್ಟ್ಯಾಂಡಿನಲ್ಲಿ ಬೋರಲಾಗಿ ಒಣಗುತ್ತಿದ್ದವು.

"ಪೂಜೆ ದಿನ ಬೂಷ್ಟು ಮಡಗ್ಬಾರ್ದು ಅಂತ ಪ್ರಿಜ್ಜೂ ತೊಳ್ದ್ಬುಟ್ಟೆ ಮೇಡಮ್ಮಾರೆ" ಎಂದು ನಗುತ್ತ ಬಂದವರು ನನ್ನ ಮುಖ ನೋಡಿ ಅಲ್ಲೇ ನೆಲದ ಮೇಲೆ ಕೂತರು. ಅಯ್ಯೋ, ಅವತ್ತು ನನ್ನ ಬಾಯಿಂದ ಒಂದು ಬೈಗುಳವೂ ಹೊರಡಲಿಲ್ಲ.

ಅದೇ ಹುಣಸೆ ಬುಡದ ಮಣ್ಣನ್ನು ಎಷ್ಟು ಸಲ ತಂದೆವು! ಬೇರೆ ಬೂಷ್ಟೆಲ್ಲ ಬಂತು, ಅದೊಂದು ಬರಲಿಲ್ಲ. ಗುರುಮಲ್ಲಣ್ಣ ನಿವೃತ್ತರಾದರು. ಯುಗಾದಿಗೆ ನನ್ನ ಸಂಶೋಧನೆಯ ಅವಧಿಯೂ ಮುಗಿಯಿತು; ಈಗ ಪಾಠ ಮಾತ್ರ, ಮಣ್ಣಿನ ಪರೀಕ್ಷೆ ಇಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ನನಗಿಲ್ಲ. ಇವತ್ತಿಗೂ ಪ್ರತಿ ಸೋಮವಾರ ಮಣ್ಣಿನ ಡಬ್ಬಿ ಹಿಡಿದು ಬರುತ್ತಾರೆ. "ಬಂತಾ?" ಅನ್ನುತ್ತಾರೆ. "ಇನ್ನೂ ಇಲ್ಲ" ಅನ್ನುತ್ತೇನೆ.

ಮೊನ್ನೆ ಡಬ್ಬಿ ಇಟ್ಟವರು ಹೋಗಲಿಲ್ಲ. ಬಾಗಿಲಲ್ಲೇ ನಿಂತರು.

"ಒಂದು ಗಲಾಸು ಒಡುದ್ರೆ ಅರ್ಧ ಗಂಟೆ ಬೋಯ್ತಿದ್ದೆ. ಇದ್ಕೆ ಇನ್ನೂ ಬೋದಿಲ್ವಲ್ಲ ಮಗ. ಒಂದ್ಸಲ ಬೋದ್ಬುಡು. ನಂಗೆ ನಿದ್ದೆ ಬತ್ತಿಲ್ಲ."

ಬೈಯೋಣವೆಂದೇ ಬಾಯಿ ತೆರೆದೆ. ಆಗಲಿಲ್ಲ. ಡಬ್ಬಿಯ ಮೇಲೆ ತಾರೀಖು ಬರೆದು ಫ್ರಿಜ್ಜಿನಲ್ಲಿಟ್ಟೆ.