ಎದೆಮಟ್ಟದ ಕಬ್ಬು

ಮನುಷ್ಯನ ಘನತೆಯೆಲ್ಲ ಅವನ ಕಣ್ಣಿನಲ್ಲಿ ನೆಲೆಸಿರುತ್ತದೆ ಎಂದು ಮೂವತ್ತೈದು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿದವನು ನಾನು. ನಮ್ಮ ವಿಮಾನದಣ್ಣನದು ಎಡಗಿವಿಯಲ್ಲಿತ್ತು. ಅಗಲವಾದ ಕಿವಿ, ಒಳಗಿನಿಂದ ಬಿಳಿ ಕೂದಲು ಕುಚ್ಚು ಕುಚ್ಚಾಗಿ ಹೊರಬಂದು ಜೋಳದ ತೆನೆಯ ತುದಿಯಂತೆ ಗಾಳಿಗೆ ಅಲ್ಲಾಡುತ್ತಿತ್ತು. ವಾಯುಪಡೆಯಲ್ಲಿ ಮೆಕ್ಯಾನಿಕ್ಕಾಗಿ ಇಪ್ಪತ್ತು ವರ್ಷ ಇಂಜಿನ್ನಿನ ಪಕ್ಕ ನಿಂತು ಆ ಕಿವಿ ಪೂರ್ತಿ ಸತ್ತಿತ್ತು. ಬಲಗಿವಿ ಮಾತ್ರ ಪಕ್ಕದ ಬೀದಿಯ ಪಿಸುಮಾತನ್ನೂ ಹಿಡಿಯುತ್ತಿತ್ತು. ಆದ್ದರಿಂದ ಅವರು ಒಂದು ನಿಯಮ ಮಾಡಿಕೊಂಡಿದ್ದರು: ನಿಜ ಹೇಳುವವರಿಗೆ ಬಲಗಿವಿ, ಸುಳ್ಳು ಹೇಳುವವರಿಗೆ ಎಡಗಿವಿ. ಕೆರಗೋಡಿನಲ್ಲಿ ಯಾರಿಗೆ ಯಾವ ಕಿವಿ ಸಿಕ್ಕಿತು ಎಂಬುದು ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತಿತ್ತು.

ನಿವೃತ್ತರಾಗಿ ಬಂದ ಮೇಲೆ ಪಂಪ್‌ಸೆಟ್ಟು ರಿಪೇರಿಗೆ ಇಳಿದರು. ಮೋಟಾರು ಸರಿಮಾಡಿ ಅದರ ಮೈಮೇಲೆ ಬಿಳಿ ಬಣ್ಣದಲ್ಲಿ ತಾರೀಕು ಬರೆದು ರುಜು ಹಾಕುತ್ತಿದ್ದರು. ನೀರು ಬಿದ್ದದ್ದನ್ನು ನೋಡಿದ ಮೇಲೆ ರೈತನೂ ಪಕ್ಕದಲ್ಲಿ ರುಜು ಹಾಕಬೇಕು. ರುಜು ಹಾಕಲು ಬಾರದವರು ಗ್ರೀಸಿನಲ್ಲಿ ಹೆಬ್ಬೆಟ್ಟು ಒತ್ತಬೇಕು. "ಲೇ, ಇದೇನ್ ಮೋಟ್ರಾ, ಕ್ರಯಪತ್ರನಾ?" ಎಂದು ಜನ ನಗುತ್ತಿದ್ದರು. ನಾನೂ ನಕ್ಕಿದ್ದೆ.

ಹೊಲಕ್ಕೆ ಔಷಧಿ ಹೊಡೆಯುವ ಡ್ರೋನುಗಳು ಬಂದ ಮೇಲೆ ಅವರಿಗೆ ಎರಡನೆಯ ಯೌವನ ಬಂತು. ದುದ್ದದ ಇಬ್ಬರು, ನಮ್ಮೂರಿನ ಒಬ್ಬಳು, ಮಳವಳ್ಳಿ ಕಡೆಯ ಒಬ್ಬಳು, ಹೀಗೆ ನಾಲ್ವರು ಹೆಣ್ಣುಮಕ್ಕಳು ತರಬೇತಿ ಪಡೆದು ಪರವಾನಗಿ ತಂದಿದ್ದರು. ಯಂತ್ರದ ಉಸ್ತುವಾರಿ ಇವರದು. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ತಾಲ್ಲೂಕುಗಳ ಕಬ್ಬು, ಭತ್ತಕ್ಕೆ ಆಕಾಶದಿಂದ ಔಷಧಿ ಹೊಡೆಯಲು ಸರ್ಕಾರ ಟೆಂಡರು ಕರೆದಾಗ ಐವರೂ ಸೇರಿ ಅರ್ಜಿ ಹಾಕಿದರು.

ಅರ್ಜಿ ತಿರಸ್ಕೃತವಾಯಿತು. ಕಾರಣ: ವಾಯುಯಾನದ ಅನುಭವವಿಲ್ಲ.

ಗುತ್ತಿಗೆ ಸಿಕ್ಕಿದ್ದು ಬೆಂಗಳೂರಿನ ಒಂದು ಕಂಪನಿಗೆ. ಅದಕ್ಕೆ ಅಪಾರ ಅನುಭವವಿತ್ತು. ಮದುವೆಗಳಲ್ಲಿ ಗಂಡುಹೆಣ್ಣಿನ ಮೇಲೆ, ಸಭೆಗಳಲ್ಲಿ ಮುಖಂಡರ ಮೇಲೆ ಹೆಲಿಕಾಪ್ಟರಿನಿಂದ ಹೂವು ಸುರಿಯುವ ವೃತ್ತಿ ಅದರದು. ಹೂವು ಸುರಿದವನಿಗೆ ಕ್ರಿಮಿನಾಶಕ ಸುರಿಯುವುದು ಕಷ್ಟವೇ ಎಂದು ಇಲಾಖೆ ಉದಾರವಾಗಿ ಯೋಚಿಸಿರಬೇಕು.

ವಿಮಾನದಣ್ಣ ಕಡತದ ನಕಲು ತರಿಸಿಕೊಂಡರು. ಅದರಲ್ಲೊಂದು ಮಹಜರು. ಕೆರಗೋಡಿನ ಇಂಥ ಗದ್ದೆಯಲ್ಲಿ, ಇಂಥ ದಿನ, ಎದೆಮಟ್ಟದ ಕಬ್ಬಿನ ಮೇಲೆ ಕಂಪನಿಯವರು ಡ್ರೋನು ಹಾರಿಸಿ ಔಷಧಿ ಹೊಡೆದು ತೋರಿಸಿದರು, ಕೆಳಗೆ ರುಜು ಮಾಡಿದ ಪಂಚರು ಕಣ್ಣಾರೆ ಕಂಡರು ಎಂದು ಬರೆದಿತ್ತು. ಗದ್ದೆಯ ಒಡತಿಯನ್ನು ವಿಚಾರಿಸಿದರೆ ಆಕೆ ಸಿಡಿದಳು:

"ಕಬ್ಬು ಕಡ್ದು ಫ್ಯಾಕ್ಟ್ರಿಗೆ ಓಗಿ ಅನ್ನೆಲ್ಡ್ ದಿನ ಆಗಿತ್ತು ಕಣಣ್ಣ! ಎಂಥದ್ಕೆ ಔಸ್ದಿ ಒಡುದ್ರು, ನನ್ ಕೂಳೆ ಮೋಟಿಗಾ?"

ಕಾರ್ಖಾನೆಯ ತೂಕದ ಚೀಟಿಯನ್ನೂ ತಂದುಕೊಟ್ಟಳು. ತಾರೀಕು ಆಕೆ ಹೇಳಿದಂತೆಯೇ ಮಹಜರಿಗಿಂತ ಹನ್ನೆರಡು ದಿನ ಹಿಂದಿನದಾಗಿತ್ತು.

ಮಹಜರಿನಲ್ಲಿ ಮೊದಲ ರುಜು ಮಾಡಿದ್ದ ಪಂಚ ನಾನು.

ನಮ್ಮ ಕಡೆ ಮೇಷ್ಟ್ರ ರುಜು ಇಲ್ಲದೆ ಮಹಜರು ಮುಗಿಯುವುದಿಲ್ಲ. ಬಿದ್ದ ಮರ, ಸುಟ್ಟ ಬಣವೆ, ಕುಸಿದ ಗೋಡೆ, ಎಲ್ಲಕ್ಕೂ ಹಾಕಿದ್ದೇನೆ, ಅರ್ಧವನ್ನೂ ನೋಡಿಲ್ಲ. ಆ ದಿನವೂ ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಇಲಾಖೆಯ ಜವಾನ ಕಾಗದ ಚಾಚಿದ. ಓದಿದೆ. ಮೂರು ಕಡೆ ಕಾಗುಣಿತ ತಿದ್ದಿದೆ. ರುಜು ಹಾಕಿದೆ. ಕಬ್ಬಿದೆಯೇ ಎಂದು ಕೇಳಲಿಲ್ಲ.

ವಿಮಾನದಣ್ಣ ನಮ್ಮ ಜಗಲಿಗೆ ಬಂದು ಕೂತರು.

"ಮೇಷ್ಟ್ರೇ, ಆವತ್ತು ಡ್ರೋನು ಆರುದ್ನ ನೀವು ನೋಡುದ್ರಾ?"

"ಸಾಹೇಬ್ರು ಕಳಿಸಿದ್ರು ಅಣ್ಣ. ಅಂದ ಮೇಲೆ ಹಾರಿರುತ್ತೆ ಅಂತ..."

ಎಡಗಿವಿ ನನ್ನ ಕಡೆ ತಿರುಗಿತು. ನಲವತ್ತು ವರ್ಷದ ಪರಿಚಯದಲ್ಲಿ ಮೊದಲ ಸಲ. ಆ ಬಿಳಿ ಕುಚ್ಚಿಗೆ ನಾನು ನನ್ನ ವಯಸ್ಸು, ಪಿಂಚಣಿ, ಸುಳ್ಳು ಸಾಕ್ಷಿಗೆ ಬೀಳಬಹುದಾದ ಕೇಸು, ನನ್ನ ಹೆಂಡತಿಯ ರಕ್ತದೊತ್ತಡ ಎಲ್ಲವನ್ನೂ ನಿವೇದಿಸಿಕೊಂಡೆ.

"ಮುಗೀತಾ? ನಂಗೇನೂ ಕೇಳುಸ್ನಿಲ್ಲ," ಎಂದು ಎದ್ದರು. ಮೆಟ್ಟಿಲಿಳಿದವರು ನಿಂತರು. ಮುಖ ಕೆಂಪಗಾಗಿತ್ತು. "ಇಮಾನದಾಗೆ ಒಂದ್ ಬೋಲ್ಟು ಬಿಗಿ ಮಾಡುದ್ರೂ ಮಾಡ್ದೋನು ರುಜು ಆಕ್ಬೇಕು, ಇನ್ನೊಬ್ಬ ನೋಡಿ ಆಕ್ಬೇಕು. ನೋಡ್ದೆ ಆಕುದ್ರೆ ಮೇಲಿರೋನು ಉದುರೋಯ್ತಾನೆ. ನಿಮ್ ರುಜೂಗೆ ಯಾರೂ ಉದುರ್ನಿಲ್ಲ ಅಂದ್ಕಂಡ್ರಾ? ನಾಕು ಎಣ್ಮಕ್ಳು ಉದುರವ್ರೆ ಮೇಷ್ಟ್ರೇ."

ಸರ್ಕಾರದ ಮೇಲೆ ನನಗೆ ಸಿಟ್ಟಿದೆ. ಅದು ಹಳೆಯದು, ಪಳಗಿದ್ದು. ಆ ಮಧ್ಯಾಹ್ನ ಬಂದ ಸಿಟ್ಟು ನನ್ನ ಬಲಗೈಯ ಮೇಲೆ ಬಂದದ್ದು. ಮಾರನೆಯ ದಿನ ಮಂಡ್ಯದ ಕೋರ್ಟಿನ ಬಳಿ ಛಾಪಾ ಕಾಗದ ಕೊಂಡು, ನೋಡದೆ ರುಜು ಹಾಕಿದೆನೆಂದು ಪ್ರಮಾಣಪತ್ರ ಬರೆದುಕೊಟ್ಟೆ. ವಿಮಾನದಣ್ಣ ಅದನ್ನು ಗುತ್ತಿಗೆಯ ವಿರುದ್ಧ ಹಾಕಿದ ಮೇಲ್ಮನವಿಗೆ ಲಗತ್ತಿಸಿದರು.

ವಿಚಾರಣೆ ಬೆಂಗಳೂರಿನಲ್ಲಿ. ಆರು ಸಲ ಬಸ್ಸು ಹತ್ತಿದೆವು. ಒಮ್ಮೆ ಸಾಹೇಬರಿರಲಿಲ್ಲ, ಒಮ್ಮೆ ಕಡತವಿರಲಿಲ್ಲ, ಒಮ್ಮೆ ಎರಡೂ ಇದ್ದು ಕಂಪನಿಯ ವಕೀಲರಿರಲಿಲ್ಲ. ಎಪ್ಪತ್ತು ದಾಟಿದ ಮನುಷ್ಯನನ್ನು ಮೂರನೆಯ ಮಹಡಿಗೆ ಹತ್ತಿಸಿ, ಬೆಂಚಿನ ಮೇಲೆ ದಿನವಿಡೀ ಕೂರಿಸಿ, ಹಿಂದಕ್ಕೆ ಕಳಿಸಲು ನಮ್ಮಲ್ಲಿ ಯಾವ ಟೆಂಡರೂ ಬೇಕಿಲ್ಲ. ಆ ಸೇವೆ ಅವ್ಯಾಹತ. ಸೋಮನಹಳ್ಳಿ ದಾಟುವಾಗ ಒಮ್ಮೆ ಅವರು ಎದೆ ಉಜ್ಜಿಕೊಂಡರು. ಕೇಳಿದರೆ, "ಗ್ಯಾಸು ಕಣ್ರೀ, ಸುಮ್ಕಿರಿ," ಎಂದು ಗದರಿದರು.

ಆರನೆಯ ಸಲ ಎಲ್ಲರೂ ಸೇರಿದರು. ಕಂಪನಿಯ ವಕೀಲರು ಬಹಳ ಹೊತ್ತು ಇಂಗ್ಲಿಷಿನಲ್ಲಿ ವಾದಿಸಿದರು. ಅಷ್ಟು ಹೊತ್ತೂ ಅವರಿಗೆ ಎಡಗಿವಿ. ಕೊನೆಗೆ ಅಧಿಕಾರಿಗಳು, "ನೀವೇನಾದ್ರೂ ಹೇಳೋದಿದೆಯೇನ್ರೀ?" ಎಂದರು.

ವಿಮಾನದಣ್ಣ ತೂಕದ ಚೀಟಿಯನ್ನು ಮೇಜಿನ ಮೇಲಿಟ್ಟರು. "ಕಬ್ಬು ಎದೆಮಟ್ಟ ಇತ್ತು ಅಂತ ಬರ್ದವ್ರೆ ಸ್ವಾಮಿ. ಆವತ್ತು ಅಲ್ಲಿದ್ದುದ್ದು ಗೇಣುದ್ದ ಕೂಳೆ. ಯಾರ್ ಎದೆಮಟ್ಟ ಅಂತ ವಸಿ ಕೇಳಿ. ಮಲ್ಗಿದ್ದೋನ್ದಾ?"

ಅಧಿಕಾರಿಗಳು ನಗದಿರಲು ಪೆನ್ನು ಕಚ್ಚಿದರು. ಆಮೇಲೆ ನನ್ನನ್ನು ಕರೆದು ಕೇಳಿದರು. ನೋಡಿಲ್ಲ ಸ್ವಾಮಿ, ಎಂದೆ. ಹೇಳುವಾಗ ಪಕ್ಕಕ್ಕೆ ಕಣ್ಣು ಹಾಯಿಸಿದೆ. ವಿಮಾನದಣ್ಣ ಕುರ್ಚಿಯನ್ನು ಕರಕರ ಎಳೆದು, ಮೈಯನ್ನೇ ತಿರುಗಿಸಿ, ಬಲಗಿವಿಯನ್ನು ನನ್ನತ್ತ ಹಿಡಿದು ಕೂತಿದ್ದರು.

ಆದೇಶ ಕಾಯ್ದಿರಿಸಿದ್ದೇವೆ ಎಂದರು. ಅದಾದ ಇಪ್ಪತ್ತನೆಯ ದಿನ ವಿಮಾನದಣ್ಣ ಬೆಳಿಗ್ಗೆ ಯಾರದೋ ಮೋಟಾರು ಬಿಚ್ಚಿದವರು ಅದರ ಪಕ್ಕದಲ್ಲೇ ಕುಸಿದು ತೀರಿಕೊಂಡರು. ಆ ಮೋಟಾರನ್ನು ಹೆಣ್ಣುಮಕ್ಕಳೇ ಜೋಡಿಸಿದರು. ನೀರು ಬೀಳುವವರೆಗೂ ಗದ್ದೆಯ ಬದುವಿನ ಮೇಲೆ ನಿಂತಿದ್ದು, ನೋಡಿ, ನಾನು ರುಜು ಹಾಕಿದೆ.

ಆದೇಶ ಮರುವಾರ ಬಂತು. ಪ್ರಾತ್ಯಕ್ಷಿಕೆ ನಡೆದಿಲ್ಲವಾದ್ದರಿಂದ ಗುತ್ತಿಗೆ ರದ್ದು. ಮರುಟೆಂಡರು ಕರೆದಿದ್ದಾರೆ. ವಾಯುಯಾನದ ಅನುಭವದ ಷರತ್ತು ಹಾಗೆಯೇ ಇದೆ.