ಗಂಧೆಗೆ ಕಂಬಳಿ

ಮೈಮೇಲೆ ಏಳುವ ತುರಿಕೆಯ ಗಂಧೆಗಳನ್ನು ನಾನು ಎಣಿಸಿ ಬರೆದಿಡುತ್ತೇನೆ ಎಂದರೆ ನೀವು ನಗಬಹುದು. ಕಾರ್ಖಾನೆಯಲ್ಲಿ ದಿನವಿಡೀ ಬಿಡಿಭಾಗಗಳ ಗೀರು, ಗುಳಿ ಹುಡುಕುವವಳು ಸ್ವಂತ ತೋಳನ್ನು ಮಾತ್ರ ನೋಡದೆ ಪಾಸು ಮಾಡಲಾದೀತೆ? ಸೋಮವಾರ ಎಡತೋಳಿನಲ್ಲಿ ಹನ್ನೊಂದು. ಮಂಗಳವಾರ ಬೆನ್ನಿನಲ್ಲಿ ಇಪ್ಪತ್ತು. ಇದು ಅಮ್ಮ ಎಣಿಸಿದ್ದು, ನಂಬುವಂತಿಲ್ಲ.

ಎಣಿಕೆ ಶುರುವಾದದ್ದು ಮಾವಿನಹಣ್ಣಿಗಾಗಿ. ಗಂಧೆ ಎದ್ದ ಸುದ್ದಿ ಕೇಳಿ ಬಾಗಲೂರಿನ ದೊಡ್ಡಮ್ಮ ಮತ್ತಿಗಿರಿಯ ನಮ್ಮ ಮನೆಗೆ ಬಂದಿಳಿದರು. "ಪಿತ್ತ ಕಣಮ್ಮಿ. ಇನ್ಮ್ಯಾಕೆ ಮಾವ್ನಣ್ಣು ಮುಟ್ಟಿದ್ರೆ ನೋಡು" ಎಂದು ತೀರ್ಪು ಕೊಟ್ಟು, ತಂದಿದ್ದ ಕರಿಕಂಬಳಿಯನ್ನು ನನಗೆ ಸುತ್ತಿದರು. ಅದರ ಒರಟಿಗೆ ಗಂಧೆ ಹೆದರಿ ಓಡುತ್ತದಂತೆ. ಓಡಿದ್ದು ನನ್ನ ತಾಳ್ಮೆ. ಆಮೇಲೆ ಅಮ್ಮ ಬದನೆಕಾಯಿ ತಿನ್ನುವುದನ್ನು ಬಿಡಿಸಿದಳು, ಪಕ್ಕದ ಮನೆಯವರು ಕಡಲೆಕಾಯಿ ತಿನ್ನುವುದನ್ನೂ ಬಿಡಿಸಿದರು. ಕೃಷ್ಣಗಿರಿ ರಸ್ತೆಯುದ್ದಕ್ಕೂ ಮಾವು ರಾಶಿ ಬಿದ್ದಿರುವ ಕಾಲದಲ್ಲಿ ನಾನು ತಿಳಿಸಾರು ಅನ್ನ ಉಣ್ಣುತ್ತ, ಹಣ್ಣು ನಿರಪರಾಧಿಯೆಂದು ಸಾಬೀತು ಮಾಡಲು ಪುಸ್ತಕ ತುಂಬಿಸಿದೆ. ಮಾವು ಬಿಟ್ಟು ಆರು ವಾರವಾದರೂ ಗಂಧೆ ಒಂದೂ ಕಡಿಮೆಯಾಗಿರಲಿಲ್ಲ.

ಹೊಸೂರಿನ ಚರ್ಮದ ಡಾಕ್ಟರಮ್ಮ ಪುಸ್ತಕ ತಿರುವಿ ನೋಡಿದರು. ಗಂಧೆಯ ಲೆಕ್ಕ ಬಿಟ್ಟು, ಅಂಚಿನಲ್ಲಿ ನಾನು ಸುಮ್ಮನೆ ಗೀಚಿದ್ದ 'ಸುಸ್ತು', 'ಚಳಿ', 'ಕೂದಲು ಉದುರಿತು' ಎಂಬ ಪದಗಳ ಮೇಲೆ ಬೆರಳಿಟ್ಟು ರಕ್ತಪರೀಕ್ಷೆ ಬರೆದರು. ವರದಿ ನೋಡಿ, ದೇಹದ ಕಾವಲುಪಡೆ ನನ್ನದೇ ಥೈರಾಯ್ಡ್ ಗ್ರಂಥಿಯನ್ನು ಶತ್ರುವೆಂದುಕೊಂಡಿದೆ, ಅಂಥವರಲ್ಲಿ ಕೆಲವರಿಗೆ ಹೀಗೆ ಗಂಧೆಯೂ ಏಳುತ್ತದೆ ಎಂದರು. ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಕಾರ್ಖಾನೆಯ ಗೇಟಿನಲ್ಲೂ ದಿನಾ ಬರುವ ನನ್ನ ಊಟದ ಡಬ್ಬಿ ಬಿಚ್ಚಿಸಿ ನೋಡುತ್ತಾರೆ. ಟೈ ಕಟ್ಟಿದ ಅಪರಿಚಿತನಿಗೆ ಸಲಾಮು ಹೊಡೆದು ಒಳಗೆ ಬಿಡುತ್ತಾರೆ.

ಥೈರಾಯ್ಡಿಗೊಂದು, ತುರಿಕೆಗೊಂದು, ಹೀಗೆ ಎರಡು ಮಾತ್ರೆ. ತಿಂಗಳು ಕಳೆದರೂ ಗುಣ ಕಾಣಲಿಲ್ಲ.

"ಹೆಂಗ್ ತಗೋತಾ ಇದೀಯಮ್ಮ?" ಎಂದರು ಡಾಕ್ಟರಮ್ಮ.

ಥೈರಾಯ್ಡಿನದನ್ನು ರಾಗಿಗಂಜಿ, ಕಾಫಿ ಆದ ಮೇಲೆ ನುಂಗುತ್ತಿದ್ದೆ. "ಬರೀ ಹೊಟ್ಟೇಲಿ ನುಂಗಿದ್ರೆ ಕರ್ಳು ಸುಟ್ಟೋಯ್ತದೆ" ಎನ್ನುವುದು ಅಮ್ಮನ ಕಾನೂನು. ತುರಿಕೆಯದಕ್ಕೆ ನನ್ನದೇ ಕಾನೂನು: ಎಣಿಕೆ ಹತ್ತು ದಾಟಿದ ದಿನ ಮಾತ್ರ. ಕಾರ್ಖಾನೆಯಲ್ಲೂ ಮಿತಿ ದಾಟದೆ ಮಾಲನ್ನು ರಿಪೇರಿಗೆ ಕಳಿಸುವುದಿಲ್ಲ.

"ತುರಿಕೇದು ಗಂಧೆ ಎದ್ದ ಮೇಲಲ್ಲಮ್ಮ, ಏಳ್ದೇ ಇರ್ಲಿ ಅಂತ ದಿನಾ ನುಂಗೋದು. ಥೈರಾಯ್ಡಿಂದು ಬೆಳಿಗ್ಗೆ ಎದ್ದ ತಕ್ಷಣ ಬರೀ ನೀರಲ್ಲಿ, ಕಾಫಿ ಒಂದ್ ಗಂಟೆ ಆದ್ಮೇಲೆ. ಇಷ್ಟೆಲ್ಲ ಬರ್ದಿದೀಯ, ನಾನು ಬರ್ದಿದ್ದ ಚೀಟಿ ಓದ್ಲಿಲ್ವಾ?"

ಓದಿರಲಿಲ್ಲ. ಮಡಿಸಿ, ದಿನಾಂಕ ಹಾಕಿ, ಪುಸ್ತಕಕ್ಕೆ ಅಂಟಿಸಿದ್ದೆ. ಮಾವು ತಿನ್ನಬಹುದೇ ಎಂದು ಕೇಳಿದಾಗ ಅವರು ನಕ್ಕು, ಧಾರಾಳವಾಗಿ ತಿನ್ನು ಎಂದರು. ಆದರೆ ಡಾಕ್ಟರ ಅಪ್ಪಣೆ ನಮ್ಮ ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಅಲ್ಲಿ ದೊಡ್ಡಮ್ಮನದೇ ಸರ್ಕಾರ.

ಚೀಟಿಯಂತೆ ನಡೆದ ಮೇಲೆ ಗಂಧೆ ಹತ್ತಾಯಿತು, ನಾಲ್ಕಾಯಿತು, ಕೊನೆಗೆ ಸೊನ್ನೆಯಾಯಿತು. ಅಷ್ಟರಲ್ಲಿ ರಸ್ತೆಬದಿಯ ರಾಶಿಗಳೂ ಕರಗಿದ್ದವು. ದೊಡ್ಡಮ್ಮ ಬಂದು ನನ್ನ ತೋಳು ತಿರುಗಿಸಿ ನೋಡಿ, ಮೂಲೆಯಲ್ಲಿ ಮಡಿಸಿಟ್ಟಿದ್ದ ಕಂಬಳಿಯನ್ನು ತಟ್ಟಿದರು. "ನೋಡ್ದಾ ಅಮ್ಮಿ, ಕಂಬ್ಳಿ ಗುಣ ಹೆಂಗದೆ?"

ಮೂರು ತಿಂಗಳ ಸಾಕ್ಷ್ಯ ನನ್ನ ಕೈಯಲ್ಲಿತ್ತು. ಸರಿಯಾದ ಪುಟ ಹುಡುಕುತ್ತಿದ್ದೆ. ಅವರು ಚೀಲದಿಂದ ಕೊನೆಯ ಕೊಯ್ಲಿನ ನೀಲಂ ಮಾವಿನಹಣ್ಣು ತೆಗೆದು, "ಪಿತ್ತ ಇಳೀತಲ್ಲ, ಇನ್ನೇನು, ತಿನ್ನು" ಎಂದು ಮುಂದೆ ಹಿಡಿದರು.

ಪುಸ್ತಕ ಮುಚ್ಚಿದೆ. ಆ ದಿನದ ಪುಟದಲ್ಲಿ ಹೀಗಿದೆ: ಗಂಧೆ ಸೊನ್ನೆ, ಮಾವು ಮೂರು, ಗುಣವಾಗಲು ಕಾರಣ ಕಂಬಳಿ. ಮಾತ್ರೆಗಳ ಹೆಸರನ್ನೂ ಕೆಳಗೆ ಬರೆದಿದ್ದೇನೆ, ಕನ್ನಡಕ ಹಾಕಿದರೂ ದೊಡ್ಡಮ್ಮನಿಗೆ ಕಾಣದಷ್ಟು ಚಿಕ್ಕದಾಗಿ.